ಓದುಗರ ಪ್ರಶ್ನೆ: ಕೌನ್ಸಿಲ್ ಟ್ಯಾಕ್ಸ್ ಬಾಕಿ, ಬಾಗಿಲಲ್ಲಿ ಬೇಲಿಫ್

ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಕೌನ್ಸಿಲ್ಲಿಗೆ ಕಟ್ಟುವ ಮನೆ ತೆರಿಗೆ) ಬಾಕಿ ಮತ್ತು ಅದಕ್ಕಾಗಿ ಬೇಲಿಫ್ (ಬಾಕಿ ವಸೂಲಿಗೆ ಬರುವ ಏಜೆಂಟ್) ಮಾಡುವ ಜಪ್ತಿಯ ಬಗ್ಗೆ ಇಂಗ್ಲೆಂಡಿನಲ್ಲಿರುವ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಉತ್ತರಗಳು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ವಸೂಲಿಗೆ ಬರುವವರು ಶೆರಿಫ್ ಆಫೀಸರುಗಳು, ಅಲ್ಲಿನ ಕಾನೂನೇ ಬೇರೆ.

ಪ್ರಶ್ನೆ: ಎರಡು ಕಂತು ತಪ್ಪಿತು. ಈಗ ಬೇಲಿಫ್ ಕಂಪನಿಯಿಂದ ‘ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್’ (ಜಪ್ತಿಯ ಮುನ್ಸೂಚನೆ) ಬಂದಿದೆ. ಬಾಕಿ 1,140 ಪೌಂಡ್, ಅದರ ಮೇಲೆ 75 ಪೌಂಡ್ ಫೀ. ಇವರು ಬಾಗಿಲು ಒಡೆದು ಒಳಗೆ ಬರಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. (ಲೆಸ್ಟರ್)

ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದ ಬೇಲಿಫ್ ಬಾಗಿಲು ಒಡೆಯುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ನುಗ್ಗುವಂತಿಲ್ಲ, ಕಿಟಕಿಯಿಂದ ಇಳಿಯುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲನ್ನು ತಾನೇ ತೆಗೆದು ಒಳಗೆ ಬಂದರೆ ಅದು ಕಾನೂನುಬದ್ಧ ಪ್ರವೇಶ. ಬಹಳ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ: ಮುಂಬಾಗಿಲು ಭದ್ರ, ಹಿತ್ತಿಲ ಬಾಗಿಲು ಬರೀ ಮುಚ್ಚಿರುತ್ತದೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಅವರು ಬರಬಹುದು. ಅಷ್ಟು ಹೊತ್ತೂ ಎರಡೂ ಬಾಗಿಲಿಗೆ ಬೀಗವಿರಲಿ. ಮಾತನಾಡಬೇಕಾದರೆ ಕಾಗದ ಹಾಕುವ ಕಿಂಡಿಯಿಂದಲೋ ಮಹಡಿಯ ಕಿಟಕಿಯಿಂದಲೋ ಆಡಿ. ‘ಒಂದು ಸಹಿ ಬೇಕಿತ್ತು, ಒಳಗೆ ಕೂತು ಬರೆದುಕೊಳ್ಳೋಣ’ ಎಂದರೆ ಕಾಗದವನ್ನು ಕಿಂಡಿಯಲ್ಲಿ ಹಾಕಲು ಹೇಳಿ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಬೇಲಿಫ್ ಒಳಗೆ ಬರುವಂತೆಯೇ ಇಲ್ಲ. ಆದರೂ ಕರೆಗಂಟೆ ಹೊಡೆದ ತಕ್ಷಣ ಓಡಿಹೋಗಿ ಬಾಗಿಲು ತೆಗೆಯಬಾರದೆಂದು ಮಕ್ಕಳಿಗೆ ಹೇಳಿಟ್ಟಿರಿ.

ಗುರುತಿನ ಚೀಟಿ, ಅಧಿಕಾರಪತ್ರ ಕೇಳಿದರೆ ತೋರಿಸುವುದು ಅವರ ಕರ್ತವ್ಯ. ಕೌಂಟಿ ಕೋರ್ಟಿನ ಸರ್ಟಿಫಿಕೇಟ್ ಇರುವವರ ಹೆಸರು ಸಾರ್ವಜನಿಕ ರಿಜಿಸ್ಟರಿನಲ್ಲಿರುತ್ತದೆ, ಫೋನಿನಲ್ಲೇ ನೋಡಬಹುದು.

ಇನ್ನು ಹಣದ ಮಾತು. ಬಾಗಿಲಿಗಿಂತ ಮುಖ್ಯವಾದದ್ದು ಇದು. 2014ರ ನಿಯಮಗಳ ಪ್ರಕಾರ ಫೀ ಮೂರು ಹಂತದ್ದು: ಕಡತ ಬೇಲಿಫ್ ಕಂಪನಿಯ ಕೈಸೇರಿದಾಗ 75 ಪೌಂಡ್, ಏಜೆಂಟ್ ಮನೆಗೆ ಬಂದಾಗ 235, ಸಾಮಾನು ಸಾಗಿಸಿ ಮಾರಾಟಕ್ಕಿಡುವಾಗ 110. ಬಾಕಿ 1,500 ಪೌಂಡ್ ದಾಟಿದ್ದರೆ ಕೊನೆಯ ಎರಡು ಹಂತದಲ್ಲಿ ದಾಟಿದ ಮೊತ್ತಕ್ಕೆ ಶೇ. 7.5 ಸೇರುತ್ತದೆ. ಅಂದರೆ ಇವತ್ತು 1,215 ಇರುವುದು, ಅವರು ಬಂದು ಗಂಟೆ ಹೊಡೆದರೆ 1,450 ಆಗುತ್ತದೆ. ನೀವು ಬಾಗಿಲು ತೆಗೆಯದಿದ್ದರೂ ಆ 235 ಸೇರಿಯೇ ಸೇರುತ್ತದೆ.

ನೋಟಿಸಿನ ನಂತರ ಪೂರ್ತಿ 7 ದಿನ ಬಿಡಬೇಕು. ನೋಟಿಸ್ ಕೊಟ್ಟ ದಿನ, ಭಾನುವಾರ, ಬ್ಯಾಂಕ್ ರಜೆ ಲೆಕ್ಕಕ್ಕಿಲ್ಲ. ಈ ವಾರದೊಳಗೆ ಕಂಪನಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಆದ ಮಾತಿಗೆ ಸಾಕ್ಷಿಯಿಲ್ಲ. ತಿಂಗಳ ಆದಾಯ, ಬಾಡಿಗೆ, ದಿನಸಿ, ಪ್ರಯಾಣ ಎಂದು ಒಂದು ಪುಟದ ಲೆಕ್ಕ ಲಗತ್ತಿಸಿ, ‘ತಿಂಗಳಿಗೆ ಇಷ್ಟು ಕೊಡಬಲ್ಲೆ’ ಎಂದು ಬರೆದು, ಒಪ್ಪಿಗೆಗೆ ಕಾಯದೆ ಮೊದಲ ಕಂತು ಕಟ್ಟಿಬಿಡಿ. ನಿಭಾಯಿಸಲಾಗದ ಮೊತ್ತಕ್ಕೆ ಹೆದರಿ ‘ಹೂಂ’ ಎನ್ನಬೇಡಿ. ಮುರಿದುಬಿದ್ದ ಒಪ್ಪಂದಕ್ಕಿಂತ ಚಿಕ್ಕ ಕಂತು ವಾಸಿ. ಕೌನ್ಸಿಲ್ಲಿಗೇ ನೇರ ಕಟ್ಟಿದರೆ ಫೀ ತಪ್ಪುತ್ತದೆ ಎಂಬ ಮಾತನ್ನು ನಂಬಬೇಡಿ. ಅಲ್ಲಿ ಕಟ್ಟಿದರೂ ಮೊದಲು ಆ 75 ಕಳೆದೇ ಉಳಿದದ್ದು ಬಾಕಿಗೆ ಜಮೆ.

ಬಾಕಿ ತೀರಿಸಲು ಆಗದಿದ್ದರೆ ‘ಬ್ರೀದಿಂಗ್ ಸ್ಪೇಸ್’ ಕೇಳಿ: 60 ದಿನ ವಸೂಲಿ ನಿಲ್ಲುತ್ತದೆ. ಅರ್ಜಿಯನ್ನು ಸ್ಟೆಪ್‌ಚೇಂಜ್, ಸಿಟಿಜನ್ಸ್ ಅಡ್ವೈಸ್‌ನಂಥ ಸಾಲ ಸಲಹೆಗಾರರ ಮೂಲಕವೇ ಹಾಕಬೇಕು.

ಪ್ರಶ್ನೆ: ಒಳಗೆ ಬಂದರೆಂದೇ ಇಟ್ಟುಕೊಳ್ಳಿ. ಏನೇನು ಒಯ್ಯಬಹುದು? ಟಿವಿ, ಸೋಫಾ, ಚಿನ್ನ? ಊರಿಂದ ಹೊತ್ತು ತಂದ ವೆಟ್ ಗ್ರೈಂಡರ್ ಕೂಡ ಹೋಗುತ್ತದಾ? (ಸ್ಲೌ)

ಮುಟ್ಟುವಂತಿಲ್ಲದ್ದು: ಬಟ್ಟೆಬರೆ, ಮನೆಮಂದಿಗೆಲ್ಲ ಸಾಲುವಷ್ಟು ಮಂಚ ಹಾಸಿಗೆ, ಊಟದ ಮೇಜು ಕುರ್ಚಿ, ಫ್ರಿಜ್, ವಾಷಿಂಗ್ ಮೆಷಿನ್, ಒಂದು ಫೋನ್, ಔಷಧೋಪಚಾರಕ್ಕೆ ಬೇಕಾದ ಸಲಕರಣೆ, ಮಕ್ಕಳ ಆರೈಕೆಗೆ ಬೇಕಾದ ಸಾಮಾನು. ಕುಕ್ಕರ್ ಒಲೆ ಅಥವಾ ಮೈಕ್ರೋವೇವ್, ಎರಡರಲ್ಲಿ ಒಂದಕ್ಕೆ ಮಾತ್ರ ರಕ್ಷಣೆ. ಕೆಲಸಕ್ಕೆ ಅಥವಾ ಓದಿಗೆ ನೀವೇ ಬಳಸುವ ಲ್ಯಾಪ್‌ಟಾಪ್, ಪುಸ್ತಕ, ಉಪಕರಣ, ವಾಹನಕ್ಕೆ ಎಲ್ಲ ಸೇರಿ 1,350 ಪೌಂಡ್‌ವರೆಗೆ ರಕ್ಷಣೆಯಿದೆ.

ಟಿವಿ, ಸೋಫಾ, ಗೇಮ್ ಕನ್ಸೋಲ್ ಆ ಪಟ್ಟಿಯಲ್ಲಿಲ್ಲ. ಚಿನ್ನವೂ ಇಲ್ಲ. ತಾಳಿಗೆಂದು ಪ್ರತ್ಯೇಕ ವಿನಾಯಿತಿ ಈ ನಿಯಮದಲ್ಲಿ ಕಾಣುವುದಿಲ್ಲ. ಬಾಗಿಲು ತೆಗೆಯಬೇಡಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಗ್ರೈಂಡರ್ ಹೆಸರು ಪಟ್ಟಿಯಲ್ಲಿಲ್ಲ. ‘ದಿನದ ಅಡುಗೆಗೆ ಬೇಕಾದದ್ದು’ ಎಂದು ವಾದಿಸಬಹುದು. ವಾದದವರೆಗೆ ಹೋಗಲಾರದು ಬಿಡಿ: ಆ ಕಲ್ಲನ್ನು ಹರಾಜಿನಲ್ಲಿ ಕೂಗುವವರು ಯಾರು?

ಪ್ರಶ್ನೆ: ಎಂ.ಎಸ್ಸಿ. ಓದುವಾಗ ನಾಲ್ವರು ವಿದ್ಯಾರ್ಥಿಗಳು ಒಂದೇ ಮನೆಯಲ್ಲಿದ್ದೆವು. ಆ ವಿಳಾಸದ ಟ್ಯಾಕ್ಸಿಗೆ ಈಗ ನನ್ನ ಹೆಸರಿನಲ್ಲಿ ಬೇಲಿಫ್ ನೋಟಿಸ್. ಸಮನ್ಸ್ ನನ್ನ ಕೈಗೆ ಬಂದೇ ಇಲ್ಲ. (ಕೊವೆಂಟ್ರಿ)

ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದ ಮನೆಗೆ ಟ್ಯಾಕ್ಸೇ ಇಲ್ಲ. ವಿನಾಯಿತಿ ತಾನಾಗಿ ಬರುವುದಿಲ್ಲ, ಕೇಳಬೇಕು. ಯಾರೂ ಕೇಳಿರಲಿಕ್ಕಿಲ್ಲ. ಹಳೆಯ ವಿಳಾಸಕ್ಕೆ ರಿಮೈಂಡರ್, ಸಮನ್ಸ್ ಹೋಗಿ, ನಿಮ್ಮ ಗೈರುಹಾಜರಿಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟು ‘ಲಯಬಿಲಿಟಿ ಆರ್ಡರ್’ (ಬಾಕಿ ವಸೂಲಿಗೆ ಅನುಮತಿಸುವ ಆದೇಶ) ಕೊಟ್ಟಿದೆ.

ಇಲ್ಲಿ ಬೇಲಿಫ್ ಜೊತೆ ವಾದಿಸಿ ಫಲವಿಲ್ಲ, ಬಾಕಿ ಸರಿಯೋ ತಪ್ಪೋ ತೀರ್ಮಾನಿಸುವುದು ಅವರ ಕೆಲಸವಲ್ಲ. ವಿಶ್ವವಿದ್ಯಾಲಯದಿಂದ ಕೋರ್ಸಿನ ಆರಂಭ ಮತ್ತು ಮುಕ್ತಾಯದ ದಿನಾಂಕವಿರುವ ಕೌನ್ಸಿಲ್ ಟ್ಯಾಕ್ಸ್ ಸರ್ಟಿಫಿಕೇಟ್ ತರಿಸಿ, ಉಳಿದ ಮೂವರದ್ದೂ ಸೇರಿಸಿ, ಬಾಡಿಗೆ ಕರಾರಿನ ಜೊತೆ ಕೌನ್ಸಿಲ್ಲಿಗೆ ಕಳಿಸಿ. ಮೂರು ಕೋರಿಕೆ ಸ್ಪಷ್ಟವಾಗಿ ಬರೆಯಿರಿ: ಹಿಂದಿನ ದಿನಾಂಕದಿಂದ ವಿನಾಯಿತಿ ಕೊಡಿ, ಕಡತವನ್ನು ಬೇಲಿಫ್ ಕಂಪನಿಯಿಂದ ವಾಪಸ್ ತರಿಸಿ, ಕೋರ್ಟ್ ಖರ್ಚು ತೆಗೆಯಿರಿ. ಆರ್ಡರೇ ತಪ್ಪಾಗಿತ್ತು ಎಂದು ಒಪ್ಪಿದರೆ ಅದನ್ನು ರದ್ದು ಮಾಡಿಸಲು ಕೌನ್ಸಿಲೇ ಕೋರ್ಟಿಗೆ ಅರ್ಜಿ ಹಾಕಬಹುದು. ಅದೇ ದಿನ ಬೇಲಿಫ್ ಕಂಪನಿಗೂ ಪ್ರತಿ ಕಳಿಸಿ, ತೀರ್ಮಾನದವರೆಗೆ ತಡೆಹಿಡಿಯಲು ಕೇಳಿ. ಕೌನ್ಸಿಲ್ ಒಪ್ಪದಿದ್ದರೆ, ಅಥವಾ ಎರಡು ತಿಂಗಳು ಉತ್ತರಿಸದಿದ್ದರೆ, ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ (ಕೌನ್ಸಿಲ್ ಟ್ಯಾಕ್ಸ್ ವಿವಾದ ತೀರ್ಮಾನಿಸುವ ನ್ಯಾಯಮಂಡಳಿ) ಮೇಲ್ಮನವಿ ಇದೆ.

ಒಂದು ಎಚ್ಚರಿಕೆ: ವಿನಾಯಿತಿ ಸರ್ಟಿಫಿಕೇಟಿನಲ್ಲಿರುವ ಮುಕ್ತಾಯದ ದಿನಕ್ಕೆ ಮುಗಿಯುತ್ತದೆ, ಘಟಿಕೋತ್ಸವದ ದಿನಕ್ಕಲ್ಲ. ನಡುವಿನ ತಿಂಗಳುಗಳಲ್ಲಿ ಅಲ್ಲೇ ಇದ್ದರೆ ಅದರ ಟ್ಯಾಕ್ಸ್ ನಿಜವಾದ ಬಾಕಿ.

ಪ್ರಶ್ನೆ: ರೂಮ್‌ಮೇಟ್ ಬಾಕಿಗೆ ನನ್ನ ಕಾರಿಗೆ ಕ್ಲ್ಯಾಂಪ್ (ಚಕ್ರದ ಬೀಗ) ಹಾಕಿದ್ದಾರೆ. ಏನು ಮಾಡಲಿ? (ರೀಡಿಂಗ್)

ಕ್ಲ್ಯಾಂಪ್ ಮುರಿಯಬೇಡಿ, ಅದು ಅಪರಾಧ. ಬಾಕಿದಾರನ ಸೊತ್ತನ್ನು ಮಾತ್ರ ಜಪ್ತಿ ಮಾಡಬಹುದು. ಆದ್ದರಿಂದ ಕಾರು ನಿಮ್ಮದೆಂದು ತಕ್ಷಣ ಕಂಪನಿಗೆ ಲಿಖಿತವಾಗಿ ತಿಳಿಸಿ. ಸಾಗಿಸಿಬಿಟ್ಟಿದ್ದರೆ ಅಂದಿನಿಂದ 7 ದಿನದೊಳಗೆ ಹಕ್ಕು ಮಂಡಿಸಬೇಕು. ವಿ5ಸಿ (ಕಾರಿನ ನೋಂದಣಿ) ಪುಸ್ತಕವೊಂದೇ ಸಾಲದು, ಅದು ಮಾಲೀಕತ್ವದ ಪತ್ರವಲ್ಲ. ಕೊಂಡ ರಸೀದಿ, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ಶೂರೆನ್ಸ್ ಮೂರೂ ಇಡಿ. ಹೈರ್ ಪರ್ಚೇಸ್ ಮೇಲೆ ಕೊಂಡದ್ದಾದರೆ ಕರಾರು ತೋರಿಸಿ, ಕಂತು ಮುಗಿಯುವವರೆಗೆ ಕಾರು ಫೈನಾನ್ಸ್ ಕಂಪನಿಯದ್ದು. ಆದರೆ ಇಬ್ಬರ ಹೆಸರಿನಲ್ಲೂ ಒಂದೇ ಬಾಡಿಗೆ ಕರಾರಿದ್ದರೆ ಟ್ಯಾಕ್ಸಿಗೆ ಇಬ್ಬರೂ ಹೊಣೆ ಆಗಿರಬಹುದು. ಆರ್ಡರಿನಲ್ಲಿ ಯಾರ ಹೆಸರಿದೆ ಎಂದು ಮೊದಲು ನೋಡಿ.

ನೋಟಿಸ್ ಬಂದ ಮೇಲೆ ಕಾರನ್ನು ಗೆಳೆಯನ ಹೆಸರಿಗೆ ಬರೆಯಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಪ್ರಯೋಜನವಿಲ್ಲ. ನೋಟಿಸ್ ಕೊಟ್ಟ ಗಳಿಗೆಯಿಂದಲೇ ಸೊತ್ತು ಬಾಕಿಗೆ ಬದ್ಧ.

ಪ್ರಶ್ನೆ: ಬೇಲಿಫ್‌ನನ್ನು ಒಳಗೆ ಕರೆದು, ಸಾಮಾನು ಪಟ್ಟಿಗೆ ಸಹಿ ಹಾಕಿದ್ದೇನೆ. ಈ ತಿಂಗಳ ಕಂತು ತಪ್ಪುತ್ತದೆ. (ಮಿಲ್ಟನ್ ಕೀನ್ಸ್)

ಅದು ‘ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್’: ಕಂತು ಕಟ್ಟುತ್ತಿರುವವರೆಗೆ ಪಟ್ಟಿಯ ಸಾಮಾನು ಮನೆಯಲ್ಲೇ ಇರುತ್ತದೆ, ಆದರೆ ಜಪ್ತಿಯಾದ ಹಾಗೆ. ಅದು ಮುರಿದರೆ ಪೂರ್ತಿ 2 ದಿನದ ನೋಟಿಸ್ ಕೊಟ್ಟು ಮತ್ತೆ ಬರಬಹುದು, ಆಗ ಬಲಪ್ರಯೋಗಕ್ಕೂ ಅವಕಾಶವಿದೆ. ಮೇಲೆ ಹೇಳಿದ ಬಾಗಿಲ ರಕ್ಷಣೆ ನಿಮಗಿಲ್ಲ. ಕಂತಿನ ದಿನಕ್ಕೆ ಮೊದಲೇ ಬರೆದು, ಅರ್ಧವಾದರೂ ಕಟ್ಟಿ. ಪಟ್ಟಿಯಲ್ಲಿರುವ ಸಾಮಾನನ್ನು ಮಾರಬೇಡಿ, ಸಾಗಿಸಬೇಡಿ.

ಪ್ರಶ್ನೆ: ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂದಿದೆ. ರಿಯಾಯಿತಿ ಕೇಳಿದರೆ ತೊಂದರೆಯೇ? (ಲಂಡನ್)

ಒಬ್ಬರೇ ವಾಸವಿದ್ದರೆ ಸಿಗುವ ಶೇ. 25 ರಿಯಾಯಿತಿ, ವಿದ್ಯಾರ್ಥಿ ವಿನಾಯಿತಿ, ಇವೆರಡೂ ಪಬ್ಲಿಕ್ ಫಂಡ್ಸ್ ಅಲ್ಲ, ಧಾರಾಳವಾಗಿ ಕೇಳಿ. ಆದಾಯ ಕಡಿಮೆಯೆಂದು ಕೊಡುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಮಾತ್ರ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುತ್ತದೆ. ಫಾರ್ಮಿನಲ್ಲಿ ಯಾವುದನ್ನು ಕೇಳುತ್ತಿದ್ದೀರಿ ಎಂದು ಟಿಕ್ ಹಾಕುವ ಮುನ್ನ ಇನ್ನೊಮ್ಮೆ ಓದಿ.