ಹೊಸ ಒಲೆ ಉರಿಯುತ್ತಿಲ್ಲ: ತಪ್ಪು ಸೌದೆಯದ್ದಾ, ಒಲೆಯದ್ದಾ?

ಪ್ರಶ್ನೆ: ಫೆಬ್ರವರಿಯಲ್ಲಿ ಪೇಟೆಯ ಅಂಗಡಿಯಿಂದ ಚಿಮಣಿ ಇರುವ ಕಬ್ಬಿಣದ ರೆಡಿಮೇಡ್ ಒಲೆ ತಂದೆವು. ಒಂದು ವರ್ಷ ವಾರಂಟಿ ಇದೆ. ಹಳೇ ಮಣ್ಣಿನ ಒಲೆಯಲ್ಲಿ ಒಂದು ಗಂಟೆಗೆ ಬೇಯುತ್ತಿದ್ದ ಕುಚ್ಚಲಕ್ಕಿ ಇದರಲ್ಲಿ ಎರಡು ಗಂಟೆಯಾದರೂ ಬೇಯುವುದಿಲ್ಲ. ಇದರ ಹಿಂಬದಿಯ ಕೋಡೊಲೆಯಲ್ಲಿ (ಎರಡನೇ ಪಾತ್ರೆ ಇಡುವ ಜಾಗ) ಹಾಲು ಕೂಡ ಕಾಯುವುದಿಲ್ಲ. ಹೊಗೆ ಒಲೆಯ ಬಾಯಿಯಿಂದಲೇ ಬರುತ್ತದೆ. ನಾವು ಉರಿಸುವುದು ರಬ್ಬರ್ ಸೌದೆ, ಕೊತ್ತಳಿಗೆ (ತೆಂಗಿನ ಗರಿಯ ದಂಟು), ಗರಟೆ. ‘ನಿಮ್ಮ ಸೌದೆ ಸರಿ ಇಲ್ಲ’ ಅಂತ ಅಂಗಡಿಯವರು ಹೇಳುತ್ತಾರೆ. ಪಕ್ಕದ ಮನೆಯವರು ತಂದ ಅದೇ ಒಲೆ ಚೆನ್ನಾಗಿ ಉರಿಯುತ್ತದೆ. ಏನು ಮಾಡುವುದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕ, ಪಕ್ಕದ ಮನೆಯಲ್ಲಿ ಅದೇ ಒಲೆ ಇದೆ ಅಲ್ವಾ? ಅದು ಒಳ್ಳೆಯದಾಯಿತು. ನಿಮ್ಮ ಸೌದೆಯನ್ನೇ ಒಂದು ಹೊರೆ ಅಲ್ಲಿಗೆ ಒಯ್ಯಿರಿ. ಅದೇ ಪಾತ್ರೆ, ಅಷ್ಟೇ ನೀರು. ಅಲ್ಲಿ ಎಷ್ಟು ಹೊತ್ತಿಗೆ ಕುದಿಯಿತು, ನಿಮ್ಮಲ್ಲಿ ಎಷ್ಟು ಹೊತ್ತಿಗೆ ಕುದಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ಅಲ್ಲಿ ಬೇಗ ಕುದಿದರೆ ಅಂಗಡಿಯವರ ಮಾತು ಸುಳ್ಳೆಂದಾಯಿತು.

ಹಾಗಂತ ಸೌದೆಯನ್ನು ನೋಡದೆ ಬಿಡಬೇಡಿ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ, ಒಲೆಗೆ ಹಾಕುವಾಗ ಅದು ಶೇಕಡಾ 20ಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಬೆಂಕಿಯ ಬಿಸಿ ಅನ್ನಕ್ಕೆ ಹೋಗುವ ಬದಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಂದು ಕೊರಡು ಸೀಳಿ, ಸೀಳಿದ ಮೈಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಹಸಿ ಇದೆ. ಉರಿಯುವಾಗ ತುದಿಯಲ್ಲಿ ಸುಯ್ ಅಂತ ನೊರೆ ಬಂದರೂ ಅಷ್ಟೇ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಹೊರಗಿನ ರಾಶಿಯನ್ನು ನಂಬಬೇಡಿ, ಸೀಳಿ ಅಟ್ಟಕ್ಕೆ ಹಾಕಿ.

ಇನ್ನು ಚಿಮಣಿ. ಪೈಪಿನ ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇರುತ್ತದೆ. ಒಲೆ ತಣ್ಣಗಿರುವಾಗ ಅಲ್ಲಿ ಪೇಪರಿನ ಚೂರು ಹೊತ್ತಿಸಿ ಹಿಡಿಯಿರಿ. ಜ್ವಾಲೆ ಒಳಕ್ಕೆ ಬಾಗಿದರೆ ಪೈಪು ಎಳೆಯುತ್ತಿದೆ. ಹೊರಕ್ಕೆ ಬಂದರೆ ಮಸಿ ಕಟ್ಟಿರಬಹುದು, ಮೊಣಕೈ ಮಡಚಿದಂತೆ ಥಟ್ಟನೆ ತಿರುಗುವ ತಿರುವು ಜಾಸ್ತಿ ಇರಬಹುದು, ಅಥವಾ ಪೈಪಿನ ತುದಿ ಹಂಚಿನ ನೆತ್ತಿಗಿಂತ ಕೆಳಗೇ ನಿಂತಿರಬಹುದು. ತುದಿ ನೆತ್ತಿಯಿಂದ ಎರಡಡಿಯಾದರೂ ಮೇಲಿರಲಿ. ಪೈಪಿನ ಸೇರ್ಪಡೆಗಳ ಹತ್ತಿರ ಊದುಬತ್ತಿ ಹಿಡಿದರೆ ಗಾಳಿ ಎಲ್ಲಿ ನುಗ್ಗುತ್ತಿದೆ ಅಂತ ಗೊತ್ತಾಗುತ್ತದೆ.

ಆದರೆ ಕೋಡೊಲೆಗೆ ಬಿಸಿಯೇ ಬರುವುದಿಲ್ಲ ಅಂದಿರಲ್ಲ, ಅದನ್ನು ಓದಿದಾಗ ನನಗೆ ಒಲೆಯ ಮೇಲೇ ಅನುಮಾನ ಬಂತು. ಇಂಥ ಒಲೆಯಲ್ಲಿ ಉರಿ ಮೊದಲ ಪಾತ್ರೆಯ ತಳಕ್ಕೆ ತಾಗಿ, ಒಳಗಿನ ತಗಡಿನ ಕಿಂಡಿ ದಾಟಿ ಎರಡನೇ ಪಾತ್ರೆಗೆ ಹೋಗಿ, ಆಮೇಲೆ ಪೈಪು ಸೇರಬೇಕು. ಆ ತಗಡು ಅರ್ಧ ಇಂಚು ಆಚೀಚೆ ವೆಲ್ಡ್ ಆದರೂ ದಾರಿ ಕೆಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಕಟ್ಟುವಾಗಲೂ ಅಳತೆ ತಪ್ಪಬಾರದು ಅಂತ ಒತ್ತಿ ಹೇಳುವುದು ಇದಕ್ಕೇ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಒಂದು ಸಂಜೆ ಬೂದಿ ಬಾಚುವಾಗ ಟಾರ್ಚ್ ಬಿಟ್ಟು ನೋಡಿದೆ. ಜಾಲರಿಯ ಕೆಳಗೆ ಗಾಳಿ ಬರಲು ಮೂರು ತೂತು ಇರಬೇಕಾದ ಕಡೆ ಒಂದೇ ಇತ್ತು. ಉಳಿದ ಎರಡು ಕಡೆ ಕೊರೆಯಲು ಮಾಡಿದ ಗುಂಡನೆಯ ಗುರುತು ಮಾತ್ರ! ಎರಡು ತಿಂಗಳು ಸೌದೆಯನ್ನು ಬೈದಿದ್ದೆವು.

ಆದ್ದರಿಂದ ಸ್ಕೇಲ್ ಹಿಡಿದು ಎರಡೂ ಒಲೆಗಳ ತೂತುಗಳ ಲೆಕ್ಕ, ಜಾಲರಿಯಿಂದ ಪಾತ್ರೆಯ ತಳದವರೆಗಿನ ಎತ್ತರ, ಒಳಗಿನ ಕಿಂಡಿ, ಪೈಪು ಕೂರುವ ಬಾಯಿಯ ಅಗಲ ನೋಡಿ. ರಾತ್ರಿ ಒಳಗೆ ಟಾರ್ಚ್ ಇಟ್ಟು ಲೈಟ್ ಆರಿಸಿದರೆ ವೆಲ್ಡಿಂಗ್ ಬಿರುಕಿದ್ದಲ್ಲಿ ಬೆಳಕು ಕಾಣುತ್ತದೆ. ವ್ಯತ್ಯಾಸ ಸಿಕ್ಕಿದರೆ ಫೋಟೋ ತೆಗೆಯಿರಿ. ನೀವೇ ಕೊರೆಯಲು, ಬಡಿಯಲು ಹೋಗಬೇಡಿ, ಆಮೇಲೆ ವಾರಂಟಿಗೆ ತಕರಾರು ತೆಗೆಯುತ್ತಾರೆ.

ಬಿಲ್ಲಿನ ನಕಲು, ಫೋಟೋ, ಅಳತೆ, ಕುದಿದ ಸಮಯ ಎಲ್ಲ ಸೇರಿಸಿ ಅಂಗಡಿಗೂ ಕಂಪನಿಗೂ ರಿಜಿಸ್ಟರ್ಡ್ ಪತ್ರ ಹಾಕಿ. ಒಲೆ ಬದಲಿಸಿ ಕೊಡಿ, ಇಲ್ಲವೇ ಹಣ ವಾಪಸ್ ಕೊಡಿ ಅಂತ ನೇರವಾಗಿ ಬರೆಯಿರಿ. ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕೆಂದಿಲ್ಲ, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ತೊಂದರೆ ಕಂಡ 2 ವರ್ಷದೊಳಗೆ ದೂರು ಕೊಡಬೇಕು.

ಅಲ್ಲಿಯವರೆಗೆ ದಯವಿಟ್ಟು ಆ ಒಲೆಯನ್ನು ಕಿಟಕಿ ಮುಚ್ಚಿ ಉರಿಸಬೇಡಿ. ಹೊರಗೆ ಹೋಗದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದರೆ ಕೂಡಲೇ ಅಂಗಳಕ್ಕೆ ಬನ್ನಿ. ಹಳೇ ಮಣ್ಣಿನ ಒಲೆ ಇನ್ನೂ ಇದ್ದರೆ ಸದ್ಯ ಅನ್ನ ಅದರಲ್ಲೇ ಮಾಡಿ.