ಮಗ್ಗದ ಸದ್ದಿಗೆ ಬೆಳ್ಳುಳ್ಳಿ ಎಣ್ಣೆ ಸಾಕಾ?

ಪ್ರಶ್ನೆ: ನಮ್ಮ ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಯಜಮಾನರಿಗೆ 47 ವರ್ಷ. ಹುಡುಗರಾಗಿದ್ದಾಗಿನಿಂದ ದಿನಕ್ಕೆ ಹತ್ತು ಗಂಟೆ ಮಗ್ಗದ ಮುಂದೆಯೇ ಇದ್ದಾರೆ. ಈಗ ರಾತ್ರಿ ಮಲಗಿದರೆ ಕಿವಿ ಗುಂಯ್ ಅನ್ನುತ್ತದಂತೆ. ಬಡಿಸುವಾಗ ನಾನು ‘ಸಾಕಾ’ ಅಂದರೆ ‘ಹಾಕಾ’ ಅಂತ ಕೇಳಿಸಿಕೊಂಡು ಹೂಂ ಅಂತಾರೆ. ಅತ್ತೆಯವರು ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ವಾರಕ್ಕೊಮ್ಮೆ ಕಿವಿಗೆ ಬಿಡುತ್ತಾರೆ. ನಾದಿನಿ ಆನ್‌ಲೈನಿನಲ್ಲಿ ಗಿಂಕ್ಗೊ ಅನ್ನುವ ಗಿಡಮೂಲಿಕೆ ಮಾತ್ರೆ ತರಿಸಿದ್ದಾಳೆ. ಇವರು ಹಾರ್ಟಿಗೆ ಆಸ್ಪಿರಿನ್ ತಗೊಳ್ಳುತ್ತಾರೆ, ಎರಡೂ ಒಟ್ಟಿಗೆ ಕೊಡಬಹುದಾ? ಮಗನೂ ಈಗ ಮಗ್ಗಕ್ಕೆ ನಿಂತಿದ್ದಾನೆ. ಅವನ ಕಿವಿಗೆ ಯಾವ ಗಿಡಮೂಲಿಕೆ ಒಳ್ಳೆಯದು?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಮೊದಲು ಆ ಗಿಂಕ್ಗೊ ಡಬ್ಬಿಯನ್ನು ಎತ್ತಿಡಿ. ಆಸ್ಪಿರಿನ್ ಜೊತೆ ಅದು ಸೇರಿದರೆ ರಕ್ತಸ್ರಾವದ ಭಯ ಇದೆ. ಗಿಡದಿಂದ ಬಂದಿದ್ದು, ಏನೂ ಮಾಡಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ಕೆಲಸ ಮಾಡುವ ಗಿಡ ಅಡ್ಡ ಪರಿಣಾಮವನ್ನೂ ಮಾಡುತ್ತದೆ, ಅಲ್ವಾ? ಅದೂ ಅಲ್ಲದೆ, ಕಿವಿಯ ಗುಂಯ್ ಸದ್ದಿಗೆ ಗಿಂಕ್ಗೊ ಆಗುತ್ತದಾ ಅಂತ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಒಂದಿಷ್ಟೂ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಇನ್ನು ಅತ್ತೆಯವರ ಎಣ್ಣೆ. ಅದು ಕಿವಿ ತಮಟೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಸದ್ದಿನಿಂದ ಹಾಳಾಗುವುದು ತಮಟೆಯ ಆಚೆ, ಮೂಳೆಯೊಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಭಾಗ. ಅಲ್ಲಿ ಸುಮಾರು 15,000 ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವೆ, ನಮಗೆ ಆ ಭಾಗ್ಯ ಇಲ್ಲ! ಹಾಗಾಗಿ ಬೆಳ್ಳುಳ್ಳಿ, ತುಳಸಿ ರಸ, ದೊಡ್ಡಪತ್ರೆ ರಸ ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಕಿವುಡಿಗೆ ಬಿಲ್ವ ತೈಲವನ್ನು ಆಯುರ್ವೇದದಲ್ಲಿ ಹಿಂದಿನಿಂದಲೂ ಹೇಳಿದ್ದಾರೆ, ನಿಜ. ಆದರೆ ದಿನವಿಡೀ ಮಗ್ಗದ ಮುಂದೆ ನಿಲ್ಲುವವರ ಕಿವಿಯನ್ನು ಅದು ಕಾಪಾಡೀತು ಅಂತ ನಾನು ಹೇಳಲಾರೆ. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತಿದ್ದರೆ ಎಣ್ಣೆ ಬಿಡಲೇಬಾರದು. ಒಳಗೆ ಕೀವಾಗುತ್ತದೆ. ಎಣ್ಣೆ ಬಿಸಿಯಿದ್ದರೆ ಸುಡುತ್ತದೆ. ಎಕ್ಕದ ಎಲೆ ಬಾಡಿಸಿ ರಸ ಹಿಂಡುವವರೂ ಇದ್ದಾರೆ, ಅದನ್ನಂತೂ ಹತ್ತಿರ ಸೇರಿಸಬೇಡಿ. ಅತ್ತೆಯವರಿಗೆ ಬೇಜಾರಾಗದ ಹಾಗೆ, ತಲೆಗೆ ಹಚ್ಚಿ ತಿಕ್ಕಲು ಹೇಳಿ. ನಿದ್ದೆಯಾದರೂ ಚೆನ್ನಾಗಿ ಬಂದೀತು.

ನೀವು ಬರೆದ ‘ಸಾಕಾ, ಹಾಕಾ’ ಇದೆಯಲ್ಲ, ರೋಗ ಏನು ಅಂತ ಅರ್ಧ ಅದೇ ಹೇಳಿತು. ಸದ್ದು ಮೊದಲು ತಿನ್ನುವುದು 4,000 ಹರ್ಟ್ಸ್ ಆಸುಪಾಸಿನ ತೆಳು ಸ್ವರಗಳನ್ನು. ಸ, ಶ ಥರದ ಅಕ್ಷರಗಳ ಸದ್ದು ಅಲ್ಲೇ ಇರುವುದು. ಯಜಮಾನರಿಗೆ ನಿಮ್ಮ ದನಿ ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ಸಿಗುವುದಿಲ್ಲ. ಕೂಗಿ ಪ್ರಯೋಜನ ಇಲ್ಲ. ಅಡುಗೆಮನೆಯಿಂದ ಮಾತಾಡುವ ಬದಲು ಎದುರಿಗೆ ಬಂದು ನಿಧಾನವಾಗಿ ಹೇಳಿ.

ಈಗ ಮಗನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಅವನದೇ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅಂತ ಒಂದು ಲೆಕ್ಕ. ಆಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ. 100ಕ್ಕೆ ಕಾಲು ಗಂಟೆ. ಲಾಳಿ ಹೊಡೆಯುವ ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 95 ದಾಟುವುದು ಮಾಮೂಲಿ. ಫ್ಯಾಕ್ಟರಿಗಳಿಗೆ ಅನ್ವಯಿಸುವ ಕಾನೂನು ಸದ್ದಿನಿಂದ ಬರುವ ಕಿವುಡನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಮನೆಯೊಳಗಿನ ನಾಲ್ಕು ಮಗ್ಗವನ್ನು ಫ್ಯಾಕ್ಟರಿ ಅಂತ ಯಾರೂ ಎಣಿಸುವುದಿಲ್ಲ. ನಿಮ್ಮ ಕಿವಿಗೆ ನೀವೇ ಇನ್ಸ್‌ಪೆಕ್ಟರ್.

ಹತ್ತಿ ಇಟ್ಟುಕೊಂಡರೆ ಸಾಲದು, ಸದ್ದು ಅದರೊಳಗೆ ನುಗ್ಗುತ್ತದೆ. ಮೆಡಿಕಲ್ ಶಾಪಿನಲ್ಲೋ ಸೇಫ್ಟಿ ಸಾಮಾನಿನ ಅಂಗಡಿಯಲ್ಲೋ ಫೋಮ್ ಇಯರ್‌ಪ್ಲಗ್ ಕೇಳಿ. ದುಬಾರಿಯಲ್ಲ. ಕೈ ತೊಳೆದು, ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಬೇಕು. ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳು ಒತ್ತಿರಬೇಕು. ಹೆಚ್ಚಿನವರು ಕಿವಿಯ ಬಾಗಿಲಲ್ಲೇ ಸಿಕ್ಕಿಸಿ, ಇದರಿಂದ ಏನೂ ಆಗಲ್ಲ ಅಂತಾರೆ. ಕಿವಿ ಸೋರುವವರಿಗೆ ಇದು ಬೇಡ, ತಲೆಗೆ ಹಾಕುವ ಇಯರ್‌ಮಫ್ ಕೊಡಿ.

‘ಕಿವಿ ಮುಚ್ಚಿದರೆ ಎಳೆ ಹರಿದದ್ದು ಗೊತ್ತಾಗಲ್ಲ’ ಅಂತ ಮಗ ಹೇಳುತ್ತಾನೆ, ನೋಡುತ್ತಿರಿ. ನನ್ನ ತವರಿನಲ್ಲೂ ಮಗ್ಗ ಇತ್ತು, ನಮ್ಮಪ್ಪನದೂ ಇದೇ ವಾದ. ಪ್ಲಗ್ ಹಾಕಿದರೂ ಮಗ್ಗದ ಸದ್ದು ಕೇಳುತ್ತದೆ, ಕಡಿಮೆ ಕೇಳುತ್ತದೆ ಅಷ್ಟೇ. ಸದ್ದು ಬದಲಾದರೆ ಕೆಲವೇ ದಿನದಲ್ಲಿ ಗುರುತು ಹತ್ತುತ್ತದೆ. ಮಗ್ಗದ ಕಾಲಿನಡಿ ರಬ್ಬರ್ ಪ್ಯಾಡ್ ಹಾಕಿಸಿ, ಸಡಿಲಾದ ಬೋಲ್ಟು ಬಿಗಿ ಮಾಡಿಸಿ. ಮಗ್ಗದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಅಪ್ಪ, ಮಗ ಇಬ್ಬರಿಗೂ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿಸಿ. ಮಗ್ಗ ರಜೆ ಇದ್ದ ಮರುದಿನ ಬೆಳಿಗ್ಗೆ, ಮಗ್ಗ ಶುರು ಮಾಡುವ ಮುಂಚೆ ಹೋಗಿ. ಸದ್ದಿನಿಂದ ಆಗಷ್ಟೇ ಎದ್ದು ಬಂದ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, ಲೆಕ್ಕ ತಪ್ಪುತ್ತದೆ. ಯಜಮಾನರಿಗೆ ಶ್ರವಣಯಂತ್ರ ಬೇಕಾದರೂ ಬೇಕಾದೀತು. ಯಾರಿಗಾದರೂ ಒಂದೇ ಕಿವಿ ದಿಢೀರ್ ಅಂತ ಮುಚ್ಚಿದ ಹಾಗಾದರೆ ಎಣ್ಣೆ, ರಸ ಅಂತ ಕಾಯಬೇಡಿ. ಅಂದೇ ಕಿವಿ ಡಾಕ್ಟರ ಹತ್ತಿರ ಹೋಗಿ.