ಬಾಗಿಲಲ್ಲೇ ಬೇಡ ಅನ್ನಿ

ಹೋದ ಸಂಚಿಕೆಯಲ್ಲಿ ಅಸ್ಥಿಮಜ್ಜೆ ಕಸಿ, ಅಂದರೆ ಮೂಳೆಯೊಳಗೆ ರಕ್ತ ಮಾಡುವ ಮಜ್ಜೆಯನ್ನು ಹೊಸದಾಗಿ ಹಾಕುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ನಮ್ಮ ಕಡೆಯಿಂದಲೇ ಮೂರು ಪತ್ರ ಬಂದಿವೆ. ನಾನು ಹನ್ನೊಂದು ವರ್ಷ ಬೆಂಗಳೂರಲ್ಲಿ ಬಿಎಂಟಿ (ಮಜ್ಜೆ ಕಸಿ) ವಾರ್ಡಿನ ನರ್ಸ್ ಆಗಿದ್ದವಳು, ಈಗ ರಾಯಚೂರಿನ ಮನೆಯಲ್ಲಿದ್ದೇನೆ. ಡಾಕ್ಟರ್ ಅಲ್ಲ. ಮಾತ್ರೆ ಹೆಚ್ಚುಕಮ್ಮಿ ಮಾಡುವ ವಿಷಯ ನನ್ನನ್ನು ಕೇಳಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಬ್ಲಡ್ ಕ್ಯಾನ್ಸರ್ ಆಗಿತ್ತು. ಮೈದುನನ ಮಜ್ಜೆ ಕೂಡಿಬಂದು ಕಸಿ ಆಯಿತು. ನೂರು ದಿನ ಆಸ್ಪತ್ರೆ ಹತ್ತಿರ ಬಾಡಿಗೆ ರೂಮಲ್ಲಿದ್ದು ಹೋದ ವಾರ ಊರಿಗೆ ಬಂದೆವು. ಕೌಂಟ್ (ರಕ್ತಕಣಗಳ ಲೆಕ್ಕ) ಎಲ್ಲ ನಾರ್ಮಲ್. ಆದರೆ ನೋಡಲು ಬರುವವರು ಮುಗಿಯುತ್ತಲೇ ಇಲ್ಲ, ಬೇಡ ಅಂದರೆ ಅತ್ತೆಗೆ ಸಿಟ್ಟು. ಮನೆ ಹಿಂದೆಯೇ ರೈಸ್ ಮಿಲ್ ಇದೆ. ಊಟ, ನೀರು ಹೇಗೆ?
– ಸಿಂಧನೂರಿನ ಓದುಗರು

ಉತ್ತರ: ಕೌಂಟ್ ನಾರ್ಮಲ್ ಆಯ್ತಲ್ವಾ, ಇನ್ನೇನು ಭಯ ಅಂತ ಎಲ್ಲರೂ ಕೇಳುತ್ತಾರೆ. ಎಡವುವುದೇ ಅಲ್ಲಿ. ರಿಪೋರ್ಟಲ್ಲಿ ಕಾಣುವುದು ಬರೀ ತಲೆ ಎಣಿಕೆ. ಹೊಸ ಬಿಳಿರಕ್ತಕಣಗಳು ಬಂದಿವೆ ನಿಜ, ಅವಕ್ಕೆ ಇನ್ನೂ ಯಾವ ರೋಗದ ಗುರುತೂ ಇಲ್ಲ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಯ ಬಲವೂ ಬಹುಪಾಲು ಹೋಗಿರುತ್ತದೆ. ಇದರ ಮೇಲೆ, ತಮ್ಮನ ಕಣಗಳು ಅಣ್ಣನ ಮೈಮೇಲೆ ತಿರುಗಿ ಬೀಳದಿರಲಿ ಅಂತ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೊಲಿಮಸ್ ಕೊಟ್ಟು ಅವನ್ನು ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಬೇರೆಯವರ ಮಜ್ಜೆ ಪಡೆದವರ ಮೈಕಾವಲು ಗಟ್ಟಿಯಾಗಲು ಒಂದರಿಂದ ಎರಡು ವರ್ಷ ಬೇಕು.

ಅತ್ತೆಗೆ ಡಾಕ್ಟರ್ ಭಾಷೆ ಬೇಡ. "ಬಾಣಂತಿ ಕೋಣೆಗೆ ಕಂಡಕಂಡವರನ್ನು ಬಿಡುತ್ತಿದ್ದಿರಾ ಅತ್ತೆ?" ಅಂತ ಕೇಳಿ. ಅವರಿಗೆ ತಟ್ಟನೆ ತಿಳಿಯುತ್ತದೆ. (ಬಾಣಂತನದ ಲೋಬಾನ ಹೊಗೆ ಮಾತ್ರ ಇಲ್ಲಿ ಬೇಡ.) ಬಂದವರನ್ನು ಕಟ್ಟೆ ಮೇಲೆ ಕೂರಿಸಿ, ಚಹಾ ಕೊಡಿ, ಕಿಟಕಿಯಿಂದ ಮಾತಾಡಿ ಹೋಗಲಿ. ನಮ್ಮ ವಾರ್ಡಿಂದ ಚೆನ್ನಾಗಿ ನಡೆದುಕೊಂಡೇ ಮನೆಗೆ ಹೋದ ಹುಡುಗನೊಬ್ಬನಿದ್ದ. ಸೋದರಮಾವ ಪ್ರೀತಿಯಿಂದ ಬಂದರು, ಮೂಗು ಒರೆಸಿಕೊಂಡ ಕೈಯಲ್ಲೇ ಅವನ ಕೆನ್ನೆ ಸವರಿದರು. ಅವನ ತಾಯಿ ಪಕ್ಕದಲ್ಲೇ ನಿಂತಿದ್ದರು, ಹಿರಿಯರಿಗೆ ಹೇಗೆ ಹೇಳೋದು ಅಂತ ಸುಮ್ನಿದ್ದರು. ವಾರದೊಳಗೆ ಹುಡುಗ ನ್ಯುಮೋನಿಯಾ ಅಂತ ವಾಪಸ್ ಬಂದ, ಹದಿನೆಂಟು ದಿನ ಆಕ್ಸಿಜನ್ ಮೇಲಿದ್ದ. ಬದುಕಿದ. ಆದರೆ ಆ ತಾಯಿ ನನ್ನ ಕೈ ಹಿಡಿದು "ಬಾಗಿಲಲ್ಲೇ ಬೇಡ ಅನ್ನಬೇಕಿತ್ತು ಸಿಸ್ಟರ್" ಅಂದದ್ದು ಇನ್ನೂ ಕಿವಿಯಲ್ಲಿದೆ.

ಕೆಲವರು ಉಲ್ಟಾ ಮಾಡುತ್ತಾರೆ, ಪೇಶಂಟಿನ ತಟ್ಟೆ ಲೋಟ ಮುಟ್ಟುವುದಿಲ್ಲ. ಕ್ಯಾನ್ಸರ್ ಅಂಟುವ ರೋಗವಲ್ಲ. ಅಂಟುವ ಭಯ ಇರುವುದು ನಮ್ಮಿಂದ ಅವರಿಗೆ.

ರೈಸ್ ಮಿಲ್ ಸಣ್ಣ ವಿಷಯವಲ್ಲ. ತೌಡಿನ ಧೂಳು, ಹುಲ್ಲಿನ ಬಣವೆ, ತಿಪ್ಪೆ, ಅಗೆದ ಮಣ್ಣು, ಇವುಗಳಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಬೀಜಕಣ ಇರುತ್ತದೆ. ನಾವು ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಇವರ ಶ್ವಾಸಕೋಶದಲ್ಲಿ ಅದು ಬೇರು ಬಿಡಬಹುದು. ಆ ಕಡೆಯ ಕಿಟಕಿ ಮುಚ್ಚಿ. ಮಲಗುವ ಕೋಣೆಯನ್ನು ಮುಂದಿನ ಭಾಗಕ್ಕೆ ಬದಲಿಸಿ. ಕಸ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದೂ ಅವರು ಬೇರೆ ಕೋಣೆಯಲ್ಲಿರುವಾಗ. ಸೆಗಣಿ ಸಾರಿಸುವುದು ಸದ್ಯಕ್ಕೆ ನಿಲ್ಲಲಿ. ಭತ್ತದ ಕಟಾವು ನಡೆಯುವಾಗ ಅವರು ಗದ್ದೆ ಕಡೆ ಕಾಲಿಡಬಾರದು. ಆಸ್ಪತ್ರೆಗೆ ಹೊರಟರೆ ಎನ್-95 ಮಾಸ್ಕ್, ಕರ್ಚೀಫ್ ಅಲ್ಲ.

ನೀರನ್ನು ಕುದಿಸಲೇಬೇಕು. ಕುದಿ ಬಂದ ಮೇಲೂ ಒಂದು ನಿಮಿಷ ಬಿಡಿ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕೆಟ್ಟ ನಲ್ಲಿ ನೀರಿಂದ ಗಟ್ಟಿಮುಟ್ಟಾದವರೇ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು, ನೆನಪಿದೆಯಲ್ವಾ. ಕ್ಯಾನ್ ನೀರನ್ನೂ ಕುದಿಸಿ, ಅದರ ಫಿಲ್ಟರ್ ಯಾವಾಗ ಬದಲಾಗಿದೆಯೋ ಯಾರಿಗೆ ಗೊತ್ತು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಬೇಯಿಸಿದ ಹೆಸರುಕಾಳು ಪಲ್ಯ, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಎಲ್ಲ ಆಗುತ್ತದೆ. ಆದರೆ ನಮ್ಮ ತಟ್ಟೆಯ ಪಕ್ಕ ಇರುತ್ತಲ್ಲ, ಹಸಿ ಈರುಳ್ಳಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಅದು ಡಾಕ್ಟರ್ ಹೂಂ ಅನ್ನುವವರೆಗೆ ಬೇಡ. ಗಾಡಿಯ ಮಿರ್ಚಿ ಮಂಡಕ್ಕಿಯೂ ಬೇಡ, ಮನೆಯಲ್ಲೇ ಕರಿದು ಕೊಡಿ. ಬಾಯಿ ರುಚಿ ಕೆಟ್ಟಿರುತ್ತದೆ, ಕಬ್ಬಿಣ ನೆಕ್ಕಿದ ಹಾಗೆ ಅನ್ನುತ್ತಾರೆ. ದೊಡ್ಡ ತಟ್ಟೆ ಮುಂದಿಟ್ಟು ಒತ್ತಾಯ ಮಾಡಬೇಡಿ, ಎರಡೆರಡು ಗಂಟೆಗೆ ಚೂರು ಚೂರು ಕೊಡಿ. ಚಕ್ಕೋತ ಹಣ್ಣು ಯಾರೇ ತಂದರೂ ವಾಪಸ್ ಕಳಿಸಿ, ಅದು ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ಏರಿದರೆ ಏಟು ಕಿಡ್ನಿಗೆ. ನಮ್ಮ ಬಿಸಿಲಲ್ಲಿ ನೀರು ಕಮ್ಮಿ ಕುಡಿದರೂ ಅದೇ ಕಥೆ.

ಆ ಮಾತ್ರೆಯ ಮಟ್ಟ ನೋಡುವ ಟೆಸ್ಟಿನ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ ರಕ್ತ ಕೊಡಬೇಕು, ಆಮೇಲೆ ನುಂಗಬೇಕು. ರಾತ್ರಿಯೆಲ್ಲ ಟ್ರೈನಲ್ಲಿ ಬಂದು, ಸ್ಟೇಷನ್ನಲ್ಲೇ ಮಾತ್ರೆ ನುಂಗಿ ಟೆಸ್ಟ್ ಕೆಡಿಸಿಕೊಂಡವರು ಎಷ್ಟು ಜನ!

ಒಂದು ಕಾಗದದಲ್ಲಿ ಇಷ್ಟು ಬರೆದು ಫ್ರಿಜ್ ಮೇಲೆ ಅಂಟಿಸಿ. ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡಾದರೂ ಕಸಿ ಮಾಡಿದ ಆಸ್ಪತ್ರೆಗೆ ಫೋನ್, ಡೋಲೋ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ಅಂಗೈ, ಅಂಗಾಲು, ಕಿವಿ ಕೆಂಪಾಗಿ ತುರಿಸಿದರೆ, ನೀರಿನಂಥ ಭೇದಿಯಾದರೆ, ಕಣ್ಣು ಹಳದಿಯಾದರೆ ಅವತ್ತೇ ಫೋನ್, ತಮ್ಮನ ಕಣಗಳು ತಿರುಗಿ ಬೀಳುತ್ತಿರಬಹುದು, ಜಿವಿಹೆಚ್‌ಡಿ ಅನ್ನುವುದು ಇದನ್ನೇ. ಬಿಸಿಲೂ ಇದನ್ನು ಕೆರಳಿಸುತ್ತದೆ, ತುಂಬುತೋಳಿನ ಅಂಗಿ, ಛತ್ರಿ ಇರಲಿ. ಕೊನೆಗೊಂದು: ಊರಲ್ಲಿ ಎಲ್ಲಾದರೂ ರಕ್ತ ಏರಿಸಬೇಕಾಗಿ ಬಂದರೆ ಅದು ರೇಡಿಯೇಷನ್ ಕೊಟ್ಟ ರಕ್ತವೇ ಆಗಿರಬೇಕು. ಇಲ್ಲದಿದ್ದರೆ ಆ ಬಾಟಲಿಯಲ್ಲಿರುವ ಬಿಳಿಕಣಗಳೇ ಇವರ ಮೈಮೇಲೆ ಬೀಳಬಹುದು. ಸಣ್ಣ ಊರಿನ ಡ್ಯೂಟಿ ಡಾಕ್ಟರಿಗೆ ಇದು ತಕ್ಷಣ ಹೊಳೆಯದೇ ಇರಬಹುದು, ನೀವೇ ಹೇಳಿ.

ಪ್ರಶ್ನೆ: ನನಗೆ 52. ಮೈಲೋಮಾಗೆ (ಮಜ್ಜೆಯ ಒಂದು ಕ್ಯಾನ್ಸರ್) ನನ್ನದೇ ಕಣ ತೆಗೆದು ವಾಪಸ್ ಹಾಕಿದರು. ಮೂರು ತಿಂಗಳಾಯಿತು. ಸ್ನಾನ ಮಾಡಿ ಬಂದರೂ ಸುಸ್ತು. ಅಮೃತಬಳ್ಳಿ ಕಷಾಯ ಕುಡಿಯಲೇ? ಗವಿಮಠದ ಜಾತ್ರೆಗೆ ಹೋಗಬಹುದೇ?
– ಕೊಪ್ಪಳದ ಓದುಗರು

ಉತ್ತರ: ನಿಮ್ಮದೇ ಕಣ ಅಂದಮೇಲೆ ಮೇಲೆ ಹೇಳಿದ ಕಾದಾಟದ ಭಯ ನಿಮಗಿಲ್ಲ, ಚಕ್ಕೋತದ ಮಾತನ್ನು ನಿಮ್ಮ ಡಾಕ್ಟರನ್ನು ಕೇಳಿ. ಸುಸ್ತು ನಿಮ್ಮ ಸೋಮಾರಿತನವಲ್ಲ. ಆರು ತಿಂಗಳು, ಕೆಲವರಿಗೆ ವರ್ಷವೂ ಇರುತ್ತದೆ. ಮಲಗಿಯೇ ಇದ್ದರೆ ಜಾಸ್ತಿಯಾಗುತ್ತದೆ. ಪಡಸಾಲೆಯಲ್ಲಿ ಐದು ನಿಮಿಷ ನಡೆಯಿರಿ, ವಾರಕ್ಕೆ ಎರಡು ನಿಮಿಷ ಕೂಡಿಸಿ. ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ಚೀಲ, ಕೊಡ ಎತ್ತಬೇಡಿ, ಮೈಲೋಮಾದವರ ಬೆನ್ನುಮೂಳೆ ಪೊಳ್ಳಾಗಿರಬಹುದು.

ಅಮೃತಬಳ್ಳಿ ಬೇಡ. ಅದನ್ನು ಕುಡಿದು ಲಿವರ್ ಕೆಟ್ಟವರನ್ನು ನಮ್ಮ ದೇಶದ ಡಾಕ್ಟರುಗಳೇ ಕಂಡು ಬರೆದಿದ್ದಾರೆ. ಮನೆಮದ್ದು ತಂದವರ ಮನಸ್ಸು ನೋಯಿಸಬೇಡಿ, ಇಸಿದುಕೊಂಡು ಗಿಡಕ್ಕೆ ಹಾಕಿ.

ಜಾತ್ರೆ ಈ ವರ್ಷ ಬೇಡ. ಲಕ್ಷಗಟ್ಟಲೆ ಜನ, ಎದ್ದ ಧೂಳು, ಅದರಲ್ಲಿ ಮಾಸ್ಕ್ ಏನು ಮಾಡೀತು? ತೇರನ್ನು ಫೋನಲ್ಲಿ ನೋಡಿ, ದಾಸೋಹಕ್ಕೆ ನಿಮ್ಮ ಮನೆಯ ರೊಟ್ಟಿ ಕಳಿಸಿ.

ಪ್ರಶ್ನೆ: ಮಗಳಿಗೆ 7 ವರ್ಷ, ಥಲಸ್ಸೀಮಿಯಾ (ಮೈ ಸರಿಯಾಗಿ ರಕ್ತ ಮಾಡದ ಹುಟ್ಟುರೋಗ) ಇತ್ತು. ಅವಳ ತಂಗಿಯ ಮಜ್ಜೆಯಿಂದ ಕಸಿ ಆಗಿ ಎಂಟು ತಿಂಗಳು. ರಕ್ತ ಹಾಕಿಸುವುದು ನಿಂತಿದೆ. ಆದರೂ ಕಬ್ಬಿಣ ಜಾಸ್ತಿ ಇದೆ ಅಂತ ಈಗ ರಕ್ತ ತೆಗೆಯುತ್ತೇವೆ ಅನ್ನುತ್ತಾರೆ! ಲಸಿಕೆ ಮತ್ತೆ ಹಾಕಿಸಬೇಕಾ?
– ಬಳ್ಳಾರಿಯ ಓದುಗರು

ಉತ್ತರ: ಬಳ್ಳಾರಿಯವರಿಗೆ ಕಬ್ಬಿಣದ ಪಾಠ ನಾನು ಹೇಳಬೇಕೇ! ಇಷ್ಟು ವರ್ಷ ಹಾಕಿಸಿದ ಒಂದೊಂದು ಬಾಟಲಿ ರಕ್ತದ ಕಬ್ಬಿಣವೂ ಲಿವರಲ್ಲಿ, ಹೃದಯದಲ್ಲಿ ಕೂತಿದೆ. ಮೈ ಅದನ್ನು ತಾನಾಗಿ ಹೊರಹಾಕುವುದಿಲ್ಲ. ಈಗ ಹೊಸ ಮಜ್ಜೆ ಚೆನ್ನಾಗಿ ರಕ್ತ ಮಾಡುತ್ತಿದೆ, ಹಾಗಾಗಿ ಆಗಾಗ ಸ್ವಲ್ಪ ತೆಗೆದರೆ, ಮತ್ತೆ ರಕ್ತ ಮಾಡಲು ಮೈ ಆ ಕೂಡಿಟ್ಟ ಕಬ್ಬಿಣವನ್ನೇ ಬಳಸುತ್ತದೆ. ಧೈರ್ಯವಾಗಿ ಒಪ್ಪಿಕೊಳ್ಳಿ.

ಲಸಿಕೆ ಮೊದಲಿಂದ ಹಾಕಿಸಬೇಕು. ಜೀವಂತ ರೋಗಾಣು ಇಲ್ಲದವು ಸಾಮಾನ್ಯವಾಗಿ ಆರು ತಿಂಗಳ ನಂತರ ಶುರು. ದಡಾರದಂಥ ಜೀವಂತ ಲಸಿಕೆ ಎರಡು ವರ್ಷ ಕಳೆಯದೆ ಬೇಡ, ಆಗಲೂ ಮೈಕಾವಲು ಮೆತ್ತಗೆ ಮಾಡುವ ಮಾತ್ರೆ ನಿಂತಿರಬೇಕು. ತಂಗಿಗೆ ಪೋಲಿಯೋ ಹನಿ ಹಾಕಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಹನಿಯಲ್ಲಿರುವುದು ಜೀವಂತ ವೈರಸ್, ಮಲದಲ್ಲಿ ಹೊರಬರುತ್ತದೆ, ಅದಕ್ಕೇ ಇಂಥ ಮನೆಯ ಮಕ್ಕಳಿಗೆ ಇಂಜೆಕ್ಷನ್ ಹಾಕಿಸುತ್ತಾರೆ. ಶಾಲೆಯಲ್ಲಿ ಯಾರಿಗಾದರೂ ಅಮ್ಮ ಆಗಿದೆ ಅಂತ ಕಿವಿಗೆ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.

ಅಂದಹಾಗೆ ಅಕ್ಕತಂಗಿಯರ ಬ್ಲಡ್ ಗ್ರೂಪ್ ಬೇರೆಯಾಗಿದ್ದರೆ, ಮಗಳ ಗ್ರೂಪ್ ನಿಧಾನಕ್ಕೆ ತಂಗಿಯದಕ್ಕೆ ಬದಲಾಗುತ್ತದೆ. ಹಳೇ ಐಡಿ ಕಾರ್ಡ್ ನಂಬಬೇಡಿ, ಡಾಕ್ಟರ್ ಬರೆದುಕೊಟ್ಟ ಮೇಲೆ ಹೊಸದು ಮಾಡಿಸಿ.